ಚಿಂತಾಮಣಿಯ ಕನ್ನಡಕದ ಡಾಕ್ಟರೂ ಇಲ್ಲದ ಕುದುರೆಯೂ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ತೀರಿಹೋದವರ ಕತೆಯನ್ನು ಹುಟ್ಟಿನಿಂದ ಶುರು ಮಾಡುವುದು ಪದ್ಧತಿ. ಹಾಗೇ ಮಾಡಿದೆ: 'ಗೌರಿಬಿದನೂರು ತಾಲ್ಲೂಕು ವಿದುರಾಶ್ವತ್ಥದ ಪಕ್ಕದ ಊರಿನಲ್ಲಿ ನರಸಿಂಹಪ್ಪ ಮತ್ತು ವೆಂಕಟರತ್ನಮ್ಮನವರ ಎರಡನೇ ಮಗನಾಗಿ ಮೋಹನ್‌ಬಾಬು ಜನಿಸಿದರು...' ಓದಿ ನೋಡಿದರೆ ಯಾರದೋ ಬೀಳ್ಕೊಡುಗೆ ಭಾಷಣ ಇದ್ದ ಹಾಗಿತ್ತು. ಡಿಲೀಟ್.

೧ (ಇನ್ನೊಂದು ಸಲ)

'ಮೊದಲ ಚೂರಿ ಮೋಹನ್‌ಬಾಬುವಿನ ಎಡಗಿವಿಯ ಪಕ್ಕ ನೆಟ್ಟಿತು.' ಎಂಥ ವಾಕ್ಯ! ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದು ಮತ್ತೊಮ್ಮೆ ಓದಿಕೊಂಡೆ. ಅಷ್ಟರಲ್ಲಿ ಯಾಮಿನಿ ಅಡ್ಡ ಬಂದಳು. ಯಾಮಿನಿ ಅಂದರೆ ಮೋಹನ್‌ಬಾಬುವಿನ ಒಬ್ಬಳೇ ಮಗಳು, ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಸೈನ್ಸ್ ಮೇಡಂ. ಈ ಕತೆಯಲ್ಲಿ ನಾವು ಅವಳ ಹಿಂದೆಯೇ ಹೋಗಬೇಕು.

"ಎಲ್ರೂ ಚೂರಿಯಿಂದಾನೇ ಶುರು ಮಾಡ್ತಾರೆ ಸಾರ್. ನಮ್ಮಪ್ಪ ಅದಕ್ಕೇ ಹುಟ್ಟಿದ್ರಾ? ಮೊದ್ಲು ಅಂಗಡಿ ಬಾಗಿಲು ತೆಗೀರಿ."

"ಕತೆ ನಂದಮ್ಮ."

"ಅಪ್ಪ ನನ್ನೋರು."

ಬಾಗಿಲು ತೆಗೆದೆ.

೨

ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಗೊಬ್ಬರದಂಗಡಿಗೂ ಬೇಕರಿಗೂ ನಡುವೆ ಒಂದು ಸಣ್ಣ ಕನ್ನಡಕದಂಗಡಿ. ಮೋಹನ್‌ಬಾಬು ಓದಿದ್ದು ಆಪ್ಟೋಮೆಟ್ರಿ. ಆ ಪದ ಯಾರ ಬಾಯಲ್ಲೂ ತಿರುಗದ ಕಾರಣ ಊರಿಗೆಲ್ಲ ಅವರು 'ಕನ್ನಡಕದ ಡಾಕ್ಟ್ರು'. ಡಾಕ್ಟರಲ್ಲ, ಪವರ್ ನೋಡೋನು ಅಷ್ಟೇ ಎಂದು ಅವರು ತಿದ್ದುತ್ತಿದ್ದರು. ಹೂಂ ಡಾಕ್ಟ್ರೇ ಎಂದು ಜನ ಒಪ್ಪುತ್ತಿದ್ದರು.

ಬಾಗಿಲು ತೆಗೆದೆ ಅಂದೆನೆ? ಸುಳ್ಳು. ಮುಚ್ಚಿರುತ್ತಿದ್ದುದೇ ಹೆಚ್ಚು. ಕುರಿ ಮೇಯಿಸುವವರು ಕೆಳಗಿಳಿದು ಬರುವುದಿಲ್ಲ ಅಂತ ಅಕ್ಷರದ ಚಾರ್ಟನ್ನು ಸುತ್ತಿಕೊಂಡು ಅಂಬಾಜಿದುರ್ಗ ಹತ್ತಿ, ಬಂಡೆಗೆ ಅಂಟಿಸಿ, ಅಲ್ಲೇ ಕಣ್ಣು ನೋಡುವರು. ಅಕ್ಷರ ಬಾರದವರಿಗೆ "ಆ ಗುಡ್ಡದ ಮೇಲೆ ಎಷ್ಟು ಕುರಿ, ಹೇಳಪ್ಪ" ಎಂದು ಕೇಳುವರು. ಒಂದು ಸಲ ಟೊಮೆಟೊ ಲಾರಿ ಹತ್ತಿ ನಾಗಪುರದವರೆಗೆ ಹೋಗಿ, ದಾರಿಯ ಧಾಬಾಗಳಲ್ಲಿ ಡ್ರೈವರುಗಳ ಕಣ್ಣು ಪರೀಕ್ಷೆ ಮಾಡಿಬಂದರು. ಹೋಗುವ ಮುಂಚೆ ಮನೆಯಲ್ಲಿ ಹೇಳಿದ್ದು "ಸ್ವಲ್ಪ ಹೊರಗೆ ಹೋಗ್ಬರ್ತೀನಿ" ಅಂತ.

ಈಗ ಚೂರಿ, ಯಾಮಿನಿಯ ಅಪ್ಪಣೆ ಪಡೆದು.

ಅವರಿಗಿನ್ನೂ ಮದುವೆಯಾಗಿರದ ಕಾಲ. ಚಿಂತಾಮಣಿಗೆ ಸರ್ಕಸ್ ಬಂದಿತ್ತು. ಚೂರಿ ಎಸೆಯುವ ನಲ್ಲಪ್ಪ ಅಂಗಡಿಗೆ ಬಂದು ಕೂತ. ಹಲಗೆಯ ಅಂಚು ಎರಡೆರಡಾಗಿ ಕಾಣುತ್ತಿದೆ. ಹಿಂದಿನ ಊರಿನಲ್ಲಿ ಹೆಂಡತಿಯ ಕಿವಿ ಗೀರಿಬಿಟ್ಟಿದ್ದ. ಮೋಹನ್‌ಬಾಬು ಪವರ್ ನೋಡಿ ಕನ್ನಡಕ ಕೊಟ್ಟರು. ಆದರೆ ಆ ಹೆಂಗಸು ಹಲಗೆಯ ಮುಂದೆ ನಿಲ್ಲಲು ಒಪ್ಪಲಿಲ್ಲ.

"ಕನ್ನಡಕ ಕೊಟ್ಟೋರು ನಿಂತ್ಕೊಳ್ಲಿ ಮೊದ್ಲು," ಅಂದಳು.

"ಆಗ್ಲಿ, ನಿಂತ್ಕೋತೀನಿ," ಅಂದರು ಇವರು.

ಮಧ್ಯಾಹ್ನದ ಆಟಕ್ಕೆ ಅಪ್ಪ, ಅಮ್ಮ, ಅಣ್ಣ, ಚಿಕ್ಕಮ್ಮ ಎಲ್ಲರಿಗೂ ಪಾಸು ಕಳಿಸಿದ್ದರು, ಯಾಕೆಂದು ಹೇಳಿರಲಿಲ್ಲ. ಬ್ಯಾಂಡು ನಿಂತಿತು. ನಲ್ಲಪ್ಪ ಹೊಸ ಕನ್ನಡಕ ಸರಿಮಾಡಿಕೊಂಡು ಎಸೆಯತೊಡಗಿದ. ಒಂದೊಂದು ಚೂರಿ ನೆಟ್ಟಾಗಲೂ ಡೇರೆಗೆ ಡೇರೆಯೇ ಹಾ ಎಂದಿತು. ಕೊನೆಗೆ ಮೋಹನ್‌ಬಾಬು ಹಲಗೆಯಿಂದ ಈಚೆ ಬಂದು, ಹಿಂತಿರುಗಿ ಚೂರಿಗಳ ನಡುವಿನ ಜಾಗ ನೋಡಿ, "ಎಡಗಣ್ಣಿಗೆ ಇನ್ನೊಂದು ಚೂರು ಪವರ್ ಬೇಕು ಕಣಯ್ಯ," ಅಂದರಂತೆ.

(ಆ ಕೊನೆಯ ಮಾತು ನಾನು ಸೇರಿಸಿದ್ದು ಅಂತ ನಿಮಗೆ ಅನುಮಾನ. ಇಲ್ಲ. ಚಿಂತಾಮಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ.)

೪

(ಮೂರು ಇಲ್ಲ. ಮೂರರಲ್ಲಿ ಅವರನ್ನು ಬೆಟ್ಟದ ತುದಿಯಿಂದ, ಮೋಡಗಳ ನಡುವಿನಿಂದ ಬೀಳಿಸಿದ್ದೆ. "ಅಪ್ಪಂಗೆ ಡೆಂಗೆ ಆಗಿತ್ತು ಸಾರ್. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹೋದ್ರು. ಮೋಡಗೀಡ ಏನೂ ಇರ್ಲಿಲ್ಲ, ಫ್ಯಾನ್ ಇತ್ತು," ಅಂದಳು ಯಾಮಿನಿ. ಅಳಿಸಿದೆ. ಇಂಥ ಮನುಷ್ಯನಿಗೆ ಸೊಳ್ಳೆಯಿಂದ ಸಾವು ಬರೆಯುವುದಕ್ಕೆ ಯಾವ ಕತೆಗಾರನಿಗೂ ಕೈ ಬರುವುದಿಲ್ಲ.)

ವರ್ಷದ ತಿಥಿ ಹತ್ತಿರ ಬಂತು. ಮೋಹನ್‌ಬಾಬುವಿನ ಅಣ್ಣ ಚಿರಂಜೀವಿ ಗೌರಿಬಿದನೂರಿನಿಂದ ಫೋನ್ ಮಾಡಿದರು. ಜಮೀನು ನೋಡಿಕೊಂಡು, ಸೊಸೈಟಿಯಲ್ಲಿ ಸೆಕ್ರೆಟರಿಯಾಗಿ ರಿಟೈರ್ ಆದವರು. ಪಂಚೆಯ ಮಡಿಕೆ ಕೆಡಿಸಿಕೊಳ್ಳದ ಮನುಷ್ಯ.

"ತಿಥಿಗೆ ಬಂದೋರಿಗೆಲ್ಲ ಒಂದು ಪುಸ್ತಕ ಹಂಚಣ ಕಣಮ್ಮ. ನಮ್ಮ ವಂಶದ್ದು. ಮೂಲಪುರುಷರು ಪೆನುಕೊಂಡೆಯಿಂದ ಕುದುರೆ ಮೇಲೆ ಬಂದೋರು. ಮೋಹನನಿಗೆ ಆ ಧೈರ್ಯ ಅಲ್ಲಿಂದಾನೇ ಬಂದಿದ್ದು. ನೀನು ಚೆನ್ನಾಗಿ ಬರೀತೀಯ, ಬರಿ."

"ಅವರ ಹೆಸರೇನು ದೊಡ್ಡಪ್ಪ?"

"ಯಾರ್ದು?"

"ಕುದುರೆ ಮೇಲೆ ಬಂದೋರ್ದು."

"ಬರಿಯಮ್ಮ, ಹೆಸರು ಆಮೇಲೆ ಹಾಕಣ."

ಯಾಮಿನಿ ಬರೆಯಲು ಕೂತಳು. ಆಗಲಿಲ್ಲ. ಅವಳಿಗೆ ಗೊತ್ತಿದ್ದ ಅಪ್ಪನ ಕಡೆಯವರೆಲ್ಲ ಕಡಲೆಕಾಯಿ ಬಿತ್ತಿ, ಜೋಳ ಬೆಳೆದು, ಸಂಜೆ ಜಗುಲಿಯ ಮೇಲೆ ಕೂತವರು. ತಾತ ನರಸಿಂಹಪ್ಪ ಬಸ್ಸು ಹತ್ತಬೇಕೆಂದರೆ ಹಿಂದಿನ ದಿನದಿಂದಲೇ ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದರು. ಇಂಥ ಮನೆಯಲ್ಲಿ ಲಾರಿ ಹತ್ತಿ ನಾಗಪುರಕ್ಕೆ ಹೋಗುವ ಮಗ ಹೇಗೆ ಹುಟ್ಟಿದ? ಎರಡು ದಿನ ತಡೆದಳು, ಮೂರನೇ ದಿನ ರಜೆ ಹಾಕಿ ತೊಂಡೇಬಾವಿಗೆ ಹೊರಟಳು.

೫

ತೊಂಡೇಬಾವಿ ಅವಳ ಅಜ್ಜಿ ವೆಂಕಟರತ್ನಮ್ಮನ ತವರೂರು. ಅಜ್ಜಿ ಹೋಗಿ ಬಹಳ ವರ್ಷವಾಯಿತು. ತಂಗಿ ಆದಿಲಕ್ಷ್ಮಮ್ಮ ಇದ್ದಾಳೆ, ಸೋದರಮಾವನನ್ನೇ ಮದುವೆಯಾಗಿ ಅದೇ ಊರಲ್ಲಿ ಉಳಿದವಳು. ಎಂಬತ್ತರ ಹತ್ತಿರ. ಯಾಮಿನಿ ಹೋದಾಗ ಅವರೆಕಾಯಿ ಬಿಡಿಸುತ್ತಿದ್ದಳು.

ಕುದುರೆಯ ವಿಷಯ ಕೇಳಿದ್ದೇ ನಗು ಬಂತು ಮುದುಕಿಗೆ. "ಗುರ್ರಮೂ ಲೇದು, ಗಾಡಿದಾ ಲೇದು! ಕುದುರೆನೂ ಇಲ್ಲ, ಕತ್ತೇನೂ ಇಲ್ಲ ಕಣಮ್ಮ. ನಿಮ್ಮ ತಾತನ ಕಡೆಯೋರು ಎಮ್ಮೆ ಹೊಡ್ಕೊಂಡು ನಡ್ಕೊಂಡು ಬಂದೋರು. ಅದೂ ಪಕ್ಕದ ಊರಿಂದ."

"ಮತ್ತೆ ಅಪ್ಪ ಯಾರ ಥರ ಚಿಕ್ಕಜ್ಜಿ?"

ಆದಿಲಕ್ಷ್ಮಮ್ಮ ಮೊರ ಪಕ್ಕಕ್ಕಿಟ್ಟಳು. (ಇಲ್ಲಿ ನಾನು ಒಂದು ಗುಬ್ಬಚ್ಚಿ ಹಾರಿಸಿದ್ದೆ, ವಾತಾವರಣಕ್ಕೆ. ತೆಗೆದೆ. ಅವಳೇ ಹೇಳಲಿ.)

"ನಮ್ಮಕ್ಕನಿಗೆ ಚಿಕ್ಕೋಳಿದ್ದಾಗಿಂದ ದೂರದ್ದು ಕಾಣ್ತಿರ್ಲಿಲ್ಲ. ಅವಳಿಗೇ ಗೊತ್ತಿರ್ಲಿಲ್ಲ ಅದು. ಚುಕ್ಕಿ ಅಂದ್ರೆ ಜನ ಸುಮ್ನೆ ಕತೆಗೆ ಹೇಳೋದು ಅಂದ್ಕೊಂಡಿದ್ಳು. ಒಂದು ದಿನ ನಮ್ಮ ಮೇಷ್ಟ್ರ ಕನ್ನಡಕ ಆಟಕ್ಕೆ ಹಾಕ್ಕೊಂಡು ಬೇವಿನ ಮರ ನೋಡಿದ್ಳು. 'ಆದೀ, ಮರಕ್ಕೆ ಬಿಡಿ ಬಿಡಿ ಎಲೆ ಐತೆ ಕಣೇ' ಅಂತ ಅಳಾಕೆ ಶುರು ಮಾಡಿದ್ಳು. ಅಪ್ಪನ್ನ ಕೇಳಿದ್ರೆ, ಕನ್ನಡಕದ ಹುಡುಗೀನ ಯಾರು ಮಾಡ್ಕೋತಾರೆ ಅಂತ ಬೈದ್ರು. ಆಮೇಲೆ ಒಂದು ದಿನ ಹುಡುಗಿ ಕಾಣಿಸ್ಲಿಲ್ಲ. ಹನ್ನೆರಡು ವರ್ಷದೋಳೋ ಏನೋ ಆಗ. ಒಬ್ಳೇ ರೈಲು ಹತ್ತಿ ಹಿಂದೂಪುರಕ್ಕೆ ಹೋಗಿ, ಕಾಲ್ಗೆಜ್ಜೆ ಬಿಚ್ಚಿ ಕೊಟ್ಟು ಕನ್ನಡಕ ಹಾಕಿಸ್ಕೊಂಡು ಬಂದಿದ್ಳು."

"ಅಜ್ಜಿನಾ?" ಯಾಮಿನಿಗೆ ಗೊತ್ತಿದ್ದ ಅಜ್ಜಿ ಹಿತ್ತಿಲು ದಾಟಿದವಳಲ್ಲ.

"ನಿಮ್ಮಜ್ಜೀನೇ. ಅಪ್ಪ ಹೊಡೆದ್ರು. ಕನ್ನಡಕ ಬಚ್ಚಿಟ್ರು. ಕನ್ನಡಕ ಇಲ್ದಂಗೇ ಮದುವೆ ಮಾಡಿದ್ರು."

ಯಾಮಿನಿಯ ತಲೆಯೊಳಗಿನ ಸೈನ್ಸ್ ಮೇಡಂ ಎದ್ದು ನಿಂತಳು. "ಆದ್ರೆ ಚಿಕ್ಕಜ್ಜಿ, ವಯಸ್ಸಾದಂಗೆ ಪವರ್ ಬದಲಾಗುತ್ತೆ. ಆ ಕನ್ನಡಕ ಸಿಕ್ಕಿದ್ರೂ ಆಮೇಲೆ ಯಾವ ಕೆಲ್ಸಕ್ಕೂ ಬರಲ್ಲ."

"ಅದಕ್ಕೇ ಮತ್ತೆ ತವರಿಗೆ ಬರ್ತಿದ್ದಿದ್ದು!" ಮುದುಕಿ ತೊಡೆ ತಟ್ಟಿಕೊಂಡಳು. "ತವರಿಗೆ ಹೋಗ್ಬರ್ತೀನಿ ಅಂತ ಗಂಡನಿಗೆ ಹೇಳೋದು. ಇಲ್ಲಿಗೆ ಬಂದು ನನ್ನ ಕರ್ಕೊಂಡು, ಹೊಸ ಕನ್ನಡಕ ಹಾಕಿಸ್ಕೊಳ್ಳಾಕೆ ಹಿಂದೂಪುರದ ರೈಲು ಹತ್ತೋದು. ಆ ರೈಲು ಅವಳ ಗಂಡನ ಊರ ಮುಂದೇನೇ ಹೋಗ್ಬೇಕು, ನೋಡು. ವಿದುರಾಶ್ವತ್ಥದ ಸ್ಟೇಷನ್ ಬಂದ್ರೆ ಏನೋ ಬಿದ್ದೋಯ್ತು ಅನ್ನೋ ಹಂಗೆ ಸೀಟಿನ ಕೆಳಗೆ ಬಗ್ಗಿಬಿಡ್ತಿದ್ಳು. ರೈಲು ಬಿಟ್ಮೇಲೆ ಏಳೋಳು. ಎದ್ದು ಕನ್ನಡಕ ಹಾಕ್ಕೊಂಡು ಬಾಗಿಲ ಹತ್ರ ನಿಂತ್ಕೊಳೋಳು. ನಿಮ್ಮಪ್ಪ ಪಕ್ಕದಲ್ಲಿ, ಅವಳ ಸೆರಗು ಹಿಡ್ಕೊಂಡು."

"ಅಪ್ಪನೂ ಇದ್ರಾ?"

"ಇನ್ನೂ ಎದೆ ಹಾಲು ಬಿಡದ ಮಗುವಾಗಿದ್ದಾಗಿಂದ. ಇಸ್ಕೂಲಿಗೆ ಸೇರೋ ತಂಕ ಪ್ರತಿ ಸಲ. ಮನೇಲಿ ಬಾಯಿ ಬಿಡ್ಲಿಲ್ಲ ಹುಡುಗ, ಒಂದೇ ಒಂದಿನ."

ಯಾಮಿನಿಗೆ ಇದೆಲ್ಲ ಹೊಸದು. ಮಗ ಕನ್ನಡಕದ ಡಾಕ್ಟರಾದ ಮೇಲೆ ತಾಯಿಗೆ ಕನ್ನಡಕ ಬಂತು ಎಂದೇ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದುದು.

"ಸರ್ಕಸ್ಸಲ್ಲಿ ಏನಾಯ್ತು ಅಂತ ನಿಂಗೆ ಯಾರೂ ಹೇಳಿಲ್ವಾ?" ಅಂದಳು ಆದಿಲಕ್ಷ್ಮಮ್ಮ.

"ಚೂರಿ ತಾನೇ? ಗೊತ್ತು."

"ಚೂರಿ ಎಲ್ರೂ ನೋಡಿದ್ರು. ನಾನು ನಮ್ಮಕ್ಕನ ಪಕ್ಕ ಕೂತಿದ್ದೆ. ಹಲಗೆ ಮುಂದೆ ನಿಂತಿರೋನು ನಮ್ಮ ಮೋಹನ ಅಂತ ಯಾರೋ ಕೂಗಿದ್ರು. ಅಕ್ಕನಿಗೆ ಅಷ್ಟು ದೂರದಿಂದ ಏನು ಕಾಣುತ್ತೆ? ಬಿಳೀದೊಂದು ಹಂಗೆ ಹಂಗೆ ಅಲ್ಲಾಡೋದು ಕಾಣ್ತದೆ. ನಲ್ಲಪ್ಪ ಕೈ ಎತ್ತಿದ. ಅಕ್ಕ ಕುಪ್ಪಸದೊಳಗಿಂದ ಕನ್ನಡಕ ತೆಗೆದ್ಳು. ಗಂಡನ ಎದುರಿಗೆ, ನೆಂಟರ ಎದುರಿಗೆ, ಹಾಕ್ಕೊಂಡ್ಳು. ನಮ್ಮ ಸಾಲಲ್ಲಿದ್ದೋರೆಲ್ಲ ಚೂರಿ ಬಿಟ್ಟು ಇವಳನ್ನ ನೋಡಾಕೆ ಶುರು ಮಾಡಿದ್ರು. ನಿಮ್ಮ ತಾತ 'ಇದ್ಯಾವಾಗಿಂದ?' ಅಂದ್ರು. 'ಸುಮ್ನಿರಿ, ಮಗ ಕಾಣ್ತಿದ್ದಾನೆ' ಅಂದ್ಳು. ಒಂದು ಚೂರಿಗೂ ರೆಪ್ಪೆ ಮುಚ್ಚಲಿಲ್ಲ ಕಣಮ್ಮ."

೫ (ಬಾಲ)

ಇಲ್ಲಿಗೆ ಮುಗಿಸಿದರೆ ಚೆಂದ. ನಾನು ಮುಗಿಸಿಯೂ ಇದ್ದೆ, ಶಿಡ್ಲಘಟ್ಟದ ಬಸ್ಸಿನಲ್ಲಿ ಯಾಮಿನಿಯ ಕಣ್ಣಲ್ಲಿ ನೀರು ತರಿಸಿ. "ನಾನು ಬಸ್ಸಲ್ಲಿ ಅಳಲಿಲ್ಲ, ನಿಂತ್ಕೊಂಡು ಬಂದೆ, ಸೀಟೇ ಸಿಗ್ಲಿಲ್ಲ," ಅಂದಳು ಅವಳು. "ದೊಡ್ಡಪ್ಪನ ವಿಷಯ ಬರೀದೇ ತಪ್ಪಿಸ್ಕೋಬೇಡಿ."

೬

ಪುಸ್ತಕಕ್ಕೆ ಅಜ್ಜಿಯ ಕತೆ ಹಾಕುತ್ತೇನೆಂದು ಅವಳು ಫೋನಿನಲ್ಲಿ ಹೇಳಿದಾಗ ಚಿರಂಜೀವಿ ಕೂಗಾಡಲಿಲ್ಲ. ಕೂಗಾಡಿದ್ದರೆ ಜಗಳ ಸುಲಭವಾಗುತ್ತಿತ್ತು.

"ನಮ್ಮಮ್ಮ ಸುಳ್ಳು ಹೇಳಿ ಊರು ತಿರುಗ್ತಿದ್ಳು ಅಂತ ಅಚ್ಚು ಹಾಕಿಸ್ತೀಯ?" ಅಂದರು ಮೆಲ್ಲಗೆ. "ಹಾಕ್ಸು. ನಾನು ತಿಥಿಗೆ ಬರಲ್ಲ."

ಪುಸ್ತಕ ನಿಂತಿತು. ತಿಥಿ ಬಂತು. ಅಡುಗೆಯವರು ವಡೆ ಎಣ್ಣೆಗೆ ಬಿಡುವ ಹೊತ್ತಿಗೆ ಚಿರಂಜೀವಿಯೂ ಬಂದರು. ತಮ್ಮನ ತಿಥಿ, ಬರದೆ ಹೇಗಿದ್ದಾರು? ಪೂಜೆ ಮುಗಿದು ಎಲೆ ಹಾಕುವ ಮುಂಚೆ ಯಾರೋ ಮೋಹನ್‌ಬಾಬುವಿನ ಬಗ್ಗೆ ನಾಲ್ಕು ಮಾತಾಡು ಎಂದು ಯಾಮಿನಿಯನ್ನು ಎಬ್ಬಿಸಿದರು. ಅವಳು ದೊಡ್ಡಪ್ಪನ ಮುಖ ನೋಡಿದಳು. ಆಮೇಲೆ ಎಲ್ಲರ ಮುಂದೆ ಹೇಳಿಬಿಟ್ಟಳು. ಬೇವಿನ ಮರ, ರೈಲು, ಸೀಟಿನ ಕೆಳಗೆ ಬಗ್ಗಿದ್ದು, ಸರ್ಕಸ್ಸಿನ ಡೇರೆಯಲ್ಲಿ ಆದದ್ದು. ಆದಿಲಕ್ಷ್ಮಮ್ಮ ಕುರ್ಚಿಯಿಂದ "ಹೌದು, ಹೌದು" ಅನ್ನುತ್ತಿದ್ದಳು.

ಚಿರಂಜೀವಿ ಎದ್ದರು.

(ಅಂತ್ಯ ಒಂದು: ಎದ್ದು ಹೊರಟೇಹೋದರು. ಅಂತ್ಯ ಎರಡು: ತಬ್ಬಿಕೊಂಡು ಅತ್ತರು. ಎರಡನ್ನೂ ಬರೆದೆ, ಯಾಮಿನಿ ಎರಡನ್ನೂ ವಾಪಸ್ ಕಳಿಸಿದಳು, ಕೆಂಪು ಇಂಕಿನಲ್ಲಿ ತಪ್ಪು ಗೀಚಿ. ಆದದ್ದು ಇದು.)

ಚಿರಂಜೀವಿ ನೆಟ್ಟಗೆ ಚಿಕ್ಕಮ್ಮನ ಕುರ್ಚಿಯ ಹತ್ತಿರ ಹೋಗಿ ನಿಂತರು. ಅರವತ್ತೈದು ದಾಟಿದ ಮನುಷ್ಯ.

"ನನ್ನ ಯಾಕೆ ಕರ್ಕೊಂಡು ಹೋಗ್ಲಿಲ್ಲ?"

ಆದಿಲಕ್ಷ್ಮಮ್ಮ ತಲೆಯೆತ್ತಿ ಅವರನ್ನು ನೋಡಿದಳು.

"ಪ್ರತಿ ಸಲ ನನ್ನ ಅಜ್ಜಿ ಹತ್ರ ಬಿಟ್ಟು ಹೋಗ್ತಿದ್ಳು. ಗೇಟ್ ಹತ್ರ ನಿಂತ್ಕೊಂಡು ಅಳ್ತಿದ್ದೆ. ಚಿಕ್ಕೋನು ಅಂತ ಅವನ್ನ ಕರ್ಕೊಂಡು ಹೋಗ್ತಾಳೆ, ಇರ್ಲಿ ಅಂದ್ಕೊಂಡಿದ್ದೆ. ನಾನೇನು ತಪ್ಪು ಮಾಡಿದ್ದೆ ಚಿಕ್ಕಮ್ಮ?"

"ನೀನು ನಿಜ ಹೇಳೋ ಹುಡುಗ ಕಣಪ್ಪ," ಅಂದಳು ಮುದುಕಿ. "ಯಾರೇನು ಕೇಳಿದ್ರೂ ಇದ್ದಿದ್ದು ಇದ್ದಂಗೆ ಹೇಳ್ಬಿಡ್ತಿದ್ದೆ. ಅದಕ್ಕೇ ಅವಳು ಹೆದರ್ಕೊಂಡಿದ್ದು. ನಿನ್ನ ಬಿಟ್ಟು ಬಂದಾಗೆಲ್ಲ ರೈಲಲ್ಲಿ ನಿಂದೇ ಮಾತು."

ಚಿರಂಜೀವಿ ಪಂಚೆ ಮುದುಡುವುದನ್ನೂ ನೋಡದೆ ನೆಲದ ಮೇಲೆ ಕೂತರು. ಯಾಮಿನಿಗೆ ದೊಡ್ಡಪ್ಪ ಇಷ್ಟು ಸಣ್ಣವರಾಗಿ ಕಂಡದ್ದು ಅದೇ ಮೊದಲು. ಹತ್ತಿರ ಹೋಗಿ ಕೂರಬೇಕೋ ಬೇಡವೋ ತಿಳಿಯದೆ ಗೋಡೆಗೆ ಒರಗಿ ನಿಂತಳು. ಎಲೆ ಹಾಕುವವರೂ ನಿಂತಿದ್ದರು.

"ಹಿಂದೂಪುರದಲ್ಲಿ ಅವನಿಗೆ ಏನು ಕೊಡಿಸ್ತಿದ್ಳು?" ಕೇಳಿದರು ಚಿರಂಜೀವಿ.

"ಏನೂ ಇಲ್ಲ ಕಣಪ್ಪ. ಹೋಗೋದು, ಬರೋದು."

"ಸುಳ್ಳು."

ಮುದುಕಿ ಅವರ ಮುಖ ನೋಡಿದಳು, ಯಾಮಿನಿಯ ಮುಖ ನೋಡಿದಳು.

"ಹೂಂ, ಸುಳ್ಳು," ಅಂದಳು.

"ಹೇಳು ಮತ್ತೆ."

ಏನು ಹೇಳಿದಳು ಎಂದು ನಾನು ಯಾಮಿನಿಯನ್ನು ಕೇಳಿದೆ. ಅದು ದೊಡ್ಡಪ್ಪನಿಗೆ ಹೇಳಿದ್ದು, ನಿಮಗಲ್ಲ ಅಂದಳು. ನನಗೆ ಇನ್ನೂ ಒಂದು ಕೇಳುವುದಿತ್ತು: ವೆಂಕಟರತ್ನಮ್ಮನಿಗೆ ಆ ಧೈರ್ಯ ಯಾರಿಂದ ಬಂತು? ಅಷ್ಟರಲ್ಲಿ ಯಾಮಿನಿ ಫೋನ್ ಇಟ್ಟಿದ್ದಳು. ಅದನ್ನೇ ಕೇಳುವುದಕ್ಕೆ ಅವಳೂ ದೊಡ್ಡಪ್ಪನೂ ತೊಂಡೇಬಾವಿಗೆ ಹೊರಟಿದ್ದರಂತೆ, ನನಗೆ ಹೇಳದೆ.