ಗಡಿಯಾರಕ್ಕೆ ತಿಳಿಯದ ಹದ

ಹಬೆಯಾಡುತ್ತಿದ್ದ ಗೊಬ್ಬರದ ರಾಶಿಯೊಳಗೆ ಅನಸುಬಾಯಿ ಮೊಳಕೈವರೆಗೆ ತೋಳು ತೂರಿಸಿದಳು. ಒಂದು ಹಿಡಿ ಹೊರತೆಗೆದು ಹಿಂಡಿ, ಮೂಸಿ ನೋಡಿ, "ಇನ್ನಾ ಘಾಟು ಅದ. ನಾಳಿ ಮತ್ತ ತಿರುವಬೇಕು," ಎಂದಳು.

ರೈಲ್ವೆಯಲ್ಲಿ ಫಿಟ್ಟರಾಗಿ ನಿವೃತ್ತನಾಗಿದ್ದ ಅಬ್ದುಲ್ ಮಜೀದ ಪಕ್ಕದಲ್ಲೇ ಕೂತು ನಟ್ಟು ಬಿಗಿಯುತ್ತಿದ್ದ. ವಾಡಿ ಊರಿನ ಸುತ್ತ ಅಣಬೆ ಬೆಳೆ ಆಗಿನ್ನೂ ಹೊಸದು. ಅದನ್ನು ಚಳಿಗಾಲದಲ್ಲಿ ಬೆಳೆಯುತ್ತಿದ್ದ, ಅನಸುಬಾಯಿಯನ್ನು ಕೂಲಿಗೆ ಇಟ್ಟುಕೊಂಡಿದ್ದ ಮಾಣಿಕಪ್ಪ, ಮಜೀದನಿಗೆ ಯಂತ್ರವೊಂದನ್ನು ಕಟ್ಟಲು ಹೇಳಿದ್ದ. ಗೋಧಿ ಹೊಟ್ಟು, ಕೋಳಿಗೊಬ್ಬರ ಕಲಸಿದ ರಾಶಿಯನ್ನು ಮೋಟಾರು ತಿರುವಬೇಕು, ಕೊಳವೆ ನೀರು ಚಿಮುಕಿಸಬೇಕು. ಯಾವಾಗ ಎಂಬುದನ್ನು ಗಡಿಯಾರವೇ ನೋಡಿಕೊಳ್ಳಬೇಕು.

"ನಾಯಿಕೊಡಿ ಬೆಳಿಲಿಕ್ಕ ರೈಲು ಬಿಡಾಕತ್ತಿಯೇನ, ಮಜೀದಣ್ಣ?" ಅನಸುಬಾಯಿ ನಕ್ಕಳು.

"ನಿನ್ನ ಸೊಂಟಕ್ಕ ಆರಾಮ ಆಗ್ಲಿ ಅಂತ, ತಂಗಿ."

ಯಂತ್ರ ತಿರುಗಿದ ದಿನ ಮಾಣಿಕಪ್ಪ ಹಿಗ್ಗಿಹೋದ. "ಭೇಷ್, ಮಜೀದಸಾಬ್ರ! ಇನ್ನ ಅನಸುಬಾಯಿನ್ನ ಕೆಲಸ ಬಿಡಿಸ್ತೀನಿ."

"ಯಾಕ್ರಿ?"

"ಖಾನಾವಳಿಯವ್ರು ಕೇಳಾಕತ್ತಾರ, ಗೊಬ್ಬರ ಕಲಸೋರು ಯಾರು ಅಂತ. ಊರಾಚೆ ಕೇರಿಯಾಕಿ ಅಂದ್ರ ಮಾಲು ಒಯ್ಯಂಗಿಲ್ಲ. ನನಗೇನ್ ಭೇದ ಇಲ್ರಿ. ಮಷೀನು ಮಾಡ್ತದ ಅಂದ್ರ ಎಲ್ಲಾರೂ ಸುಮ್ನಾಗ್ತಾರ."

ಮಜೀದ ಯೋಚಿಸುತ್ತ ಮನೆಗೆ ನಡೆದ. ಕೋಳಿಯ ಹಿಕ್ಕೆ ಅಡ್ಡಿಯಿಲ್ಲ, ಅನಸುಬಾಯಿಯ ಕೈ ಅಡ್ಡಿ! ಅಂದು ನಮಾಜಿಗೆ ಮುನ್ನ ಕೈ ತೊಳೆಯುವಾಗ ಬಹಳ ಹೊತ್ತು ನೀರು ಸುರಿದುಕೊಂಡ. ತೊಳೆದರೆ ಕೈ ಶುದ್ಧ ಎಂದು ಚಿಕ್ಕಂದಿನಿಂದ ನಂಬಿದವನಿಗೆ, ತೊಳೆದರೂ ಹೋಗದ್ದು ಯಾವುದೆಂದು ಅರ್ಥವಾಗಲಿಲ್ಲ.

ಅನಸುಬಾಯಿಗೆ ತಾನೇ ಹೋಗಿ ಹೇಳಿದ. ಅವಳು ಸೊಂಟ ಹಿಡಿದು ಕೂತಳು.

"ಮಷೀನು ಬ್ಯಾಡ ಅಂತ ಹ್ಯಾಂಗ ಅನ್ಲಿ? ಮುಂಜಾನಿ ಎದ್ದು ನಿಂದ್ರಲಿಕ್ಕೂ ಆಗವಲ್ದು. ಕೆಲಸ ಹೋದ್ರ ಈ ಸೊಂಟ ಹೊತ್ಕೊಂಡು ಕಲ್ಲಿನ ಖಣಿಗೆ ಹೋಗಬೇಕು. ನೀ ಛಲೋ ಮಾಡ್ದಿಯೋ, ಕೆಡಿಸ್ದಿಯೋ, ತಿಳಿವಲ್ದು."

"ನನಗೂ ತಿಳಿವಲ್ದವ್ವ," ಎಂದ ಮಜೀದ.

ಅನಸುಬಾಯಿಯನ್ನು ಬಿಡಿಸಿದ ಆ ವಾರ ಚಳಿ ಹೆಚ್ಚಿ ರಾಶಿಯ ಕಾವು ಇಳಿಯಿತು, ಕೊಳೆಯುವುದು ನಿಧಾನವಾಯಿತು. ಗಡಿಯಾರ ಮಾತ್ರ ಹೊತ್ತಿಗೆ ಸರಿಯಾಗಿ ನೀರು ಚಿಮುಕಿಸಿತು, ತಿರುವಿತು, ಲೆಕ್ಕದ ದಿನಕ್ಕೆ ನಿಂತಿತು. ರಾಶಿಯ ಘಾಟು ಹೋಗಿರಲಿಲ್ಲ. ಅದರಲ್ಲಿ ಹಾಕಿದ ಅಣಬೆ ಬೀಜವೆಲ್ಲ ಸತ್ತಿತು. ಎರಡನೇ ರಾಶಿಯೂ ಘಾಟು ಬಿಡದೆ ಅದೇ ದಾರಿ ಹಿಡಿಯತೊಡಗಿದಾಗ ಮಾಣಿಕಪ್ಪ ಗಾಬರಿಯಾದ.

"ಗಡಿಯಾರ ಕೆಟ್ಟದೇನ್ರಿ?"

"ಗಡಿಯಾರ ಸರಿ ಅದರಿ. ಹದ ಅಂದ್ರ ಏನಂತ ಅದಕ್ಕ ಗೊತ್ತಿಲ್ಲ."

"ಹಂಗಾದ್ರ ಆಕಿನ್ನ ಕರೀರಿ. ಬೇಲಿ ಹೊರಗ ನಿಂತು ಹೇಳ್ಲಿ."

ಅನಸುಬಾಯಿ ಬಂದು ಬೇಲಿಯಾಚೆ ನಿಂತಳು. "ದೂರದಿಂದ ನೋಡಿ ಹೇಳಾಕ ನಾ ಏನ್ ಪಂಚಾಂಗ ಹಿಡ್ಕೊಂಡು ಬಂದೀನೇನ್ರಿ, ಸಾವ್ಕಾರ್ರ?"

ಮಜೀದ ಯಂತ್ರದ ಬಳಿ ಹೋದ. ಪಾನಾ ಹಿಡಿದು ನಟ್ಟು ಸಡಿಲಿಸಿ, ಗಡಿಯಾರವನ್ನು ಬಿಚ್ಚಿ ಕೆಳಗಿಟ್ಟ. ಆ ಜಾಗದಲ್ಲಿ, ಅನಸುಬಾಯಿಯ ಕೈಗೆಟಕುವಷ್ಟು ತಗ್ಗಿನಲ್ಲಿ, ಒತ್ತುವ ಎರಡು ಗುಂಡಿಗಳನ್ನು ಕೂರಿಸಿದ.

"ಹಸಿರು ಒತ್ತಿದ್ರ ತಿರುಗ್ತದ, ತಂಗಿ. ಕೆಂಪು ಒತ್ತಿದ್ರ ನಿಲ್ತದ. ಯಾವಾಗ ಅಂಬೋದು ನಿನಗ ಬಿಟ್ಟದ್ದು."

"ಮತ್ತ ಖಾನಾವಳಿಯವ್ರಿಗೆ ನಾ ಏನ್ ಹೇಳ್ಲಿ?" ಎಂದ ಮಾಣಿಕಪ್ಪ. ಮಾರಲು ಅಣಬೆಯೇ ಇಲ್ಲದಿದ್ದರೆ ಹೇಳಿಯಾದರೂ ಏನು ಎಂದು ಅವನಿಗೇ ಅನ್ನಿಸಿತು. ಅವನು ರಾಶಿಯತ್ತ ಹೋಗಿ, ಅಂಗಿಯ ತೋಳು ಮಡಚಿ, ತಾನೇ ಕೈ ಹಾಕಿದ. ಒಂದು ಹಿಡಿ ತೆಗೆದು ಹಿಂಡಿದ, ಮೂಸಿದ. ಏನೂ ತಿಳಿಯಲಿಲ್ಲ. ಆ ಕೈಯಲ್ಲೇ ಬೇಲಿಯ ಬಾಗಿಲಿನ ಚಿಲಕ ತೆಗೆದು, ಹಿಡಿಯನ್ನು ಅನಸುಬಾಯಿಯ ಅಂಗೈಯಲ್ಲಿ ಇಟ್ಟ.

"ನೀನೇ ಹೇಳವ್ವ."

ಅವಳು ಮೂಸಿ ನೋಡಿದಳು. "ಕೆಟ್ಟಿಲ್ರಿ. ನೀರು ಹೆಚ್ಚಾಗ್ಯದ. ತಿರುವಿದ್ರ ಸರಿಹೋಗ್ತದ."

ಅಣಬೆ ಬೆಳೆದರೂ ಖಾನಾವಳಿಯವರು ಒಯ್ಯುವರೋ ಇಲ್ಲವೋ, ಮೂವರಿಗೂ ತಿಳಿದಿರಲಿಲ್ಲ. ಅನಸುಬಾಯಿ ಒಳಗೆ ಬಂದು, ಗೊಬ್ಬರದ ಕೈಯಲ್ಲೇ ಹಸಿರು ಗುಂಡಿ ಒತ್ತಿದಳು.