ಮರುಳಸಿದ್ದಪ್ಪ ಡಾಕ್ಟರನ್ನು ಆರಿಸಿದ್ದು

ಕಾಫಿ ಹೂ ಬಿಟ್ಟ ವಾರ ಸುಂಟಿಕೊಪ್ಪದ ಸುತ್ತಮುತ್ತ ಯಾರಿಗೂ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ತೋಟವೆಲ್ಲ ಬೆಳ್ಳಗೆ, ಗಾಳಿಯೆಲ್ಲ ಘಮಘಮ. ಅಂಥ ಒಂದು ಮಧ್ಯಾಹ್ನ ಮರುಳಸಿದ್ದಪ್ಪ ಕಿತ್ತಳೆ ಮರಕ್ಕೆ ಒರಗಿ ಕಣ್ಣು ಮುಚ್ಚಿದ್ದ. ಹೂವಿನ ಸಾಲುಗಳ ನಡುವೆ ಪುಟ್ಟ ಮಗುವೊಂದು ಕೈ ಚಾಚಿಕೊಂಡು ತನ್ನತ್ತ ನಡೆದು ಬಂದಂತೆ ಕಂಡಿತು. ಎತ್ತಿಕೊಳ್ಳಲು ಬಾಗುವಷ್ಟರಲ್ಲಿ ಎಚ್ಚರವಾಯಿತು. ಎದುರಿಗೆ ಹೆಂಡತಿ ಶಕುಂತಲಮ್ಮ ಲೋಟ ಹಿಡಿದು ನಿಂತಿದ್ದಳು.

"ನಿದ್ದೇಲಿ ನಗ್ತಿದ್ರಿ," ಎಂದಳು.

ಅವನು ಲೋಟ ಈಸಿಕೊಂಡ. ಮೊದಲ ಹೆಂಡತಿ ಕಾಂತಮ್ಮ ಇದ್ದಾಗ, ಇಬ್ಬರು ಹೆಣ್ಣುಮಕ್ಕಳಾದ ಮೇಲೆ, ಅವನು ಮುಂದೆ ಮಕ್ಕಳಾಗದಂತೆ ಗಂಡಸರ ಆಪರೇಷನ್ ಮಾಡಿಸಿಕೊಂಡಿದ್ದ. ಆಗ ಅದು ಸರಿಯೇ ಆಗಿತ್ತು. ಆಮೇಲೆ ಕಾಂತಮ್ಮ ಕಾಮಾಲೆಯಲ್ಲಿ ತೀರಿಹೋದಳು. ಶಕುಂತಲಮ್ಮ ಎಲ್ಲ ತಿಳಿದೇ ಅವನ ಕೈ ಹಿಡಿದಳು. ಆದರೂ ಅವಳು ಹುಡುಗಿಯರ ತಲೆ ಬಾಚುತ್ತಾ ಮೆಲ್ಲಗೆ ಜೋಗುಳ ಗುನುಗುವುದನ್ನು ಕೇಳಿದಾಗೆಲ್ಲ ಅವನ ಎದೆಯೊಳಗೆ ಏನೋ ಕದಲುತ್ತಿತ್ತು.

ಆ ಸಂಜೆ ಅಣ್ಣ ಜವರಪ್ಪ ಸಂತೆಯಿಂದ ಸುದ್ದಿ ತಂದ.

"ಲೋ ಸಿದ್ದಪ್ಪ, ಸಂತೆ ದಿನ ಲಾಡ್ಜಿಗೆ ಒಬ್ಬ ಡಾಕ್ಟ್ರು ಬತ್ತಾನಂತೆ. ಕಟ್ಟಿರೋ ನರನ ಅಲ್ಲೇ ಬಿಚ್ಚಿ ಮನೆಗೆ ಕಳಿಸ್ತಾನಂತೆ. ಗಂಡುಮಗು ಗ್ಯಾರಂಟಿ ಅಂತಾನೆ ಕಣೋ."

"ಹಂಗಾದ್ರೆ ಬರೋ ಸಂತೆಗೇ ಹೋಗ್ತೀನಿ."

ಶಕುಂತಲಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಮಗು ನಂಗೂ ಬೇಕು ಭಾವ. ಆದ್ರೆ ಇವರ ಮೈಗೆ ಕತ್ತರಿ ಹಾಕೋನು ಎಲ್ಲಿ ಕಲ್ತೋನು ಅಂತ ತಿಳೀಬೇಕಲ್ವಾ? ರೈಟರ್ ಕುಟ್ಟಪ್ಪನವರು ಇದನ್ನ ಮಾಡಿಸ್ಕಂಡೋರು. ಅವರನ್ನ ಒಂದ್ಮಾತು ಕೇಳಿ."

ಕುಟ್ಟಪ್ಪ ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವನು. ಮಾರನೇ ದಿನ ಅಣ್ಣತಮ್ಮಂದಿರು ಅವನ ಜಗುಲಿಯಲ್ಲಿ ಕೂತರು.

"ಬಿಚ್ಚೋಕೆ ಅದೇನು ಹಗ್ಗದ ಗಂಟಲ್ಲ," ಎಂದ ಕುಟ್ಟಪ್ಪ. "ಕತ್ತರಿಸಿದ ಸಣ್ಣ ನಾಳ ಅದು. ಒಳಗಿನ ದಾರಿ ನೂಲಿನಷ್ಟು. ಎರಡು ತುದಿ ಹುಡುಕಿ ಸೇರಿಸಿ ಹೊಲೀಬೇಕು. ಮೊದಲನೇ ಆಪರೇಷನ್‌ಗಿಂತ ಬಹಳ ನಾಜೂಕಿನ ಕೆಲಸ."

"ಮತ್ತೆ ನಿಮಗೆ ಮಗು..." ಮರುಳಸಿದ್ದಪ್ಪ ಅರ್ಧಕ್ಕೇ ನಿಲ್ಲಿಸಿದ.

ಕುಟ್ಟಪ್ಪ ಬಿಳಿಯ ತೋಟದತ್ತ ನೋಡಿದ. "ಆಗಲಿಲ್ಲ. ಮೊದಲನೇ ಆಪರೇಷನ್ ಆಗಿ ಬಹಳ ವರ್ಷ ಬಿಟ್ಟು ಹೋಗಿದ್ದೆ. ತಡ ಆದಷ್ಟೂ ಕಷ್ಟ ಅಂತ ಡಾಕ್ಟ್ರು ಮೊದಲೇ ಹೇಳಿದ್ರು. ಅದಕ್ಕೇ ನಾವು ಗಂಡಹೆಂಡತಿ ಆ ದುಃಖ ತಡೆದುಕೊಂಡ್ವಿ. ನೀವು ಯಾರ ಹತ್ರ ಹೋದರೂ ಕೇಳೋಕೆ ನಾಚಬೇಡಿ. ಈ ಆಪರೇಷನ್ ಎಷ್ಟು ಜನಕ್ಕೆ ಮಾಡಿದ್ದೀರಿ, ಅದರಲ್ಲಿ ಎಷ್ಟು ಜನಕ್ಕೆ ಮಗು ಆಯ್ತು, ಕೀವಾದರೆ ಯಾರು ನೋಡ್ತಾರೆ, ಎಲ್ಲ ಕೇಳಿ. ಸಮಾಧಾನವಾಗಿ ಹೇಳೋರ ಹತ್ರ ಮಾಡಿಸಿಕೊಳ್ಳಿ."

ಸಂತೆಯ ದಿನ ಇಬ್ಬರೂ ಲಾಡ್ಜಿಗೆ ಹೋಗಿ ಅದನ್ನೇ ಕೇಳಿದರು. ಆ ಮನುಷ್ಯ ನಕ್ಕ. "ನಂಬಿಕೆ ಇದ್ರೆ ಮಲಗಿ, ಇಲ್ದಿದ್ರೆ ಜಾಗ ಖಾಲಿ ಮಾಡಿ."

ಜವರಪ್ಪನೇ ಮೊದಲು ಎದ್ದ. "ಏಳೋ ಸಿದ್ದಪ್ಪ. ಈ ಮಂಚದ ಮೇಲೆ ನಿನ್ನ ಮಲಗಿಸಲ್ಲ ನಾನು."

ಗಂಡಹೆಂಡಿರು ಬಸ್ಸು ಹತ್ತಿ ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಟರು. ಘಟ್ಟದ ತಿರುವುಗಳಲ್ಲಿ ಶಕುಂತಲಮ್ಮ ಅವನ ಭುಜಕ್ಕೆ ಒರಗಿ ನಿದ್ದೆ ಹೋದಳು. ಕಿಟಕಿಯಾಚೆ ಮಂಜು ಹಾಲಿನಂತೆ ಹರಿಯುತ್ತಿತ್ತು. ಈ ದಾರಿ ಹೀಗೇ ಮುಗಿಯದಿದ್ದರೆ ಚೆನ್ನ ಅನ್ನಿಸಿತು ಅವನಿಗೆ.

ಆಸ್ಪತ್ರೆಯ ಸರ್ಜನ್ ಎಲ್ಲ ಪ್ರಶ್ನೆಗೂ ಬೇಸರಿಸದೆ ಉತ್ತರ ಹೇಳಿದರು. ಹಳೆಯ ಆಪರೇಷನ್ ಯಾವಾಗ ಆಯಿತೆಂದು ಕೇಳಿದರು. ಶಕುಂತಲಮ್ಮನಿಗೂ ತಪಾಸಣೆ ಮಾಡಿಸಿದರು. ಕೊನೆಗೆ, "ನನ್ನ ಹತ್ರ ಬಂದ ಕೆಲವರಿಗೆ ಮಕ್ಕಳಾಗಿವೆ, ಎಷ್ಟೋ ಜನಕ್ಕೆ ಆಗಿಲ್ಲ. ಶ್ರದ್ಧೆಯಿಂದ ಮಾಡ್ತೀನಿ. ಮಗು ಆಗೇ ಆಗುತ್ತೆ ಅಂತ ಮಾತು ಕೊಡಲಾರೆ," ಎಂದರು.

ಶಕುಂತಲಮ್ಮ ಗಂಡನ ಕಡೆ ತಿರುಗಿದಳು. "ಇವರ ಕೈಲೇ ಮಾಡಿಸ್ಕಳಿ. ಆಗ್ಲಿ, ಬಿಡ್ಲಿ."

ಆಪರೇಷನ್ ಆಯಿತು. ಹೇಳಿದಷ್ಟು ದಿನ ಅವನು ಭಾರ ಎತ್ತಲಿಲ್ಲ, ಕರೆದಾಗಲೆಲ್ಲ ಪರೀಕ್ಷೆಗೆ ಹೋದ. ಮೊದಮೊದಲು ಪರೀಕ್ಷೆಯಲ್ಲಿ ವೀರ್ಯಾಣು ಕಾಣಲಿಲ್ಲ. ಆಮೇಲೊಮ್ಮೆ ಡಾಕ್ಟರು, "ದಾರಿ ತೆರೆದಿದೆ, ಇನ್ನು ಕಾಯಿರಿ," ಎಂದರು. ಮರುವರ್ಷದ ಮಳೆಗಾಲ ಮುಗಿಯುವಾಗ ಹೆಣ್ಣುಮಗು ಹುಟ್ಟಿತು.

ಸುದ್ದಿ ಕೇಳಿ ಬಂದ ಕುಟ್ಟಪ್ಪ ಅಂಗಳದಲ್ಲೇ ನಿಂತುಬಿಟ್ಟ. ಶಕುಂತಲಮ್ಮ ಒಳಗೆ ಕರೆದು ಮಗುವನ್ನು ಅವನ ಮಡಿಲಲ್ಲಿಟ್ಟಳು. ಅವನು ಅವಳ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡ.

"ಎಷ್ಟು ಬೆಚ್ಚಗಿದಾಳೆ," ಎಂದ.

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳು ಸಾಕೆಂದು ಆಪರೇಷನ್ ಮಾಡಿಸುವಾಗ ಮುಂದೆ ಸರಿಮಾಡಿಸಬಹುದೆಂದು ನೆಚ್ಚಿಕೊಳ್ಳಬೇಡಿ, ಇಬ್ಬರೂ ಕೂತು ಯೋಚಿಸಿ. ಬಾಳು ತಿರುವು ತೆಗೆದುಕೊಂಡು ಮತ್ತೆ ಮಗು ಬೇಕೆನಿಸಿದರೆ ತಡಮಾಡದೆ ಆಸ್ಪತ್ರೆಯ ನುರಿತ ಸರ್ಜನ್ ಹತ್ತಿರ ಜೊತೆಯಾಗಿ ಹೋಗಿ. ಗ್ಯಾರಂಟಿ ಕೊಡುವವರಿಂದ ದೂರವಿರಿ. ಬಾಯಿಬಿಟ್ಟು ಕೇಳಿ, ನಿಜ ಹೇಳುವವರನ್ನು ನಂಬಿ.