ಸೆಫೋರಾಳ ಹಿಮ್ಮಡಿ

ಡಾಕ್ಟರ್ ಮರ್ವಿನ್ ಟ್ರೆಲೋರ್ ಅವರಿಗೆ ಪದಕ ಬಂದ ದಿನ ಕ್ಲಿನಿಕ್ಕಿನಲ್ಲಿ ಮೂರು ಕೇಕು ತರಿಸಿದ್ದರು. ಮೂರನ್ನೂ ಕತ್ತರಿಸಿ, ಹಂಚಿ, ಕೊನೆಗೆ ಚಾಕು ತೊಳೆದಿಟ್ಟವಳು ನರ್ಸ್ ಸೆಫೋರಾ ಟೊಗೊ. ಡಾಕ್ಟರು ಭಾಷಣದಲ್ಲಿ ಹೆಂಡತಿಗೆ, ಗುರುಗಳಿಗೆ, ಹೋದ ವರ್ಷ ಸತ್ತ ನಾಯಿಗೂ ಕೃತಜ್ಞತೆ ಹೇಳಿದರು. ಇಪ್ಪತ್ತೆರಡು ವರ್ಷ ಜೊತೆಗೆ ದುಡಿದವಳ ಸರದಿ ಬರುವ ಹೊತ್ತಿಗೆ ಭಾಷಣ ಮುಗಿದಿತ್ತು. ಅವಳು ಅಷ್ಟು ಹೊತ್ತೂ ಎಡಗಾಲನ್ನು ಬೆರಳ ತುದಿಯ ಮೇಲೆ ಊರಿ ನಿಂತಿದ್ದಳು. ಹಿಮ್ಮಡಿಯ ಅಡಿಯಲ್ಲಿ ಐದು ಸೆಂಟಿನ ನಾಣ್ಯದಷ್ಟಗಲದ ಕಪ್ಪು ಕಲೆಯೊಂದು ಎದ್ದು ಎಂಟು ತಿಂಗಳಾಗಿತ್ತು. ನೆಲಕ್ಕೆ ಊರಿದರೆ ಈಗೀಗ ನೋಯುತ್ತಿತ್ತು.

ಅವರು ದೊಡ್ಡ ಡಾಕ್ಟರೇ, ಇಲ್ಲವೆನ್ನುವುದಿಲ್ಲ. ಮೂವತ್ತನೇ ವಯಸ್ಸಿಗೆ ಕ್ವೀನ್ಸ್‌ಲ್ಯಾಂಡಿನ ಈ ಕಬ್ಬಿನ ಕರಾವಳಿಗೆ ಬಂದವರು. ಚಳಿದೇಶದ ಚರ್ಮ ಹೊತ್ತುಕೊಂಡು ಬಂದು, ಇಲ್ಲಿನ ಬಿಸಿಲಿಗೆ ಅರೆಬೆತ್ತಲೆ ನಿಂತು ಬೇಯುತ್ತಾ, ಟೋಪಿ ಹಾಕು ಅಂದರೆ ನಗುವ ಜನ ಇಲ್ಲಿಯ ಬಿಳಿಯರು. ಅವರ ಮೂಗು, ಕಿವಿ, ಬೋಳುತಲೆಗಳಿಂದ ಕ್ಯಾನ್ಸರ್ ಕೆತ್ತಿ ತೆಗೆದೇ ಡಾಕ್ಟರು ಹೆಸರು ಮಾಡಿದರು. ಆಮೇಲೆ ಸಂಶೋಧನೆಯ ಹುಚ್ಚು ಹತ್ತಿತು. ಕಬ್ಬು ಬೆಳೆಯುವ ನಾಲ್ಕು ಸಾವಿರ ಜನರ ಮೈಮೇಲಿನ ಮಚ್ಚೆಗಳನ್ನು ವರ್ಷ ವರ್ಷವೂ ಎಣಿಸುವುದು, ಯಾವುದು ಕೆಡುತ್ತದೆ ನೋಡುವುದು. ಹದಿನೆಂಟು ವರ್ಷ ಎಣಿಸಿದರು. ಎಣಿಸಿದರು ಅಂದರೆ, ಸೆಫೋರಾ ಎಣಿಸಿದಳು, ಡಾಕ್ಟರು ಬರೆದರು. ಪ್ರಬಂಧಗಳು ನಲವತ್ತೊಂದು. ಒಂದರಲ್ಲಾದರೂ ಅವಳ ಹೆಸರು ಹುಡುಕಿ ಕೊಟ್ಟವರಿಗೆ ಉಳಿದ ಕೇಕು ಕೊಡಬಹುದಿತ್ತು.

ಆ ಅಧ್ಯಯನದ ಮೊದಲ ಪುಟದಲ್ಲೇ ಒಂದು ನಿಯಮವಿತ್ತು: ಬಿಳಿ ಚರ್ಮದವರು ಮಾತ್ರ. ಸೆಫೋರಾಳ ಮುತ್ತಜ್ಜನನ್ನು ತನ್ನಾ ಎಂಬ ದೂರದ ದ್ವೀಪದಿಂದ ಹಡಗಿಗೆ ತುಂಬಿ ತಂದು ಇದೇ ಕಬ್ಬು ಕಡಿಯಲು ಬಿಟ್ಟಿದ್ದರು. ಅವನ ಕಪ್ಪು ಬಣ್ಣವೇ ಅವಳದು. ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವರಿಗೆಲ್ಲ ವರ್ಷಕ್ಕೊಮ್ಮೆ ಮೈ ತಪಾಸಣೆ ಮಾಡುವ ಪದ್ಧತಿಯಿತ್ತು. ಕಸ ಗುಡಿಸುವ ಕೆಂಪು ಕೂದಲಿನವನಿಗೂ ಆಗುತ್ತಿತ್ತು. ಅವಳಿಗೆ ಮಾತ್ರ ಒಮ್ಮೆಯೂ ಆಗಲಿಲ್ಲ.

"ನಿಂಗ್ಯಾಕೆ ಮಾರಾಯ್ತಿ? ದೇವ್ರು ನಿಂಗೆ ಹುಟ್ಟುವಾಗ್ಲೇ ಕೊಡೆ ಕೊಟ್ಟು ಕಳ್ಸಿದಾನೆ," ಎಂದು ಡಾಕ್ಟರು ಪ್ರತಿ ಕ್ರಿಸ್ಮಸ್ಸಿಗೆ ಸಾಸೇಜು ಸುಡುತ್ತಾ ಹೇಳುವರು. ಎಲ್ಲರೂ ನಗುವರು. ಅವಳೂ ನಕ್ಕಿದ್ದಾಳೆ, ಸಂಬಳ ಕೊಡುವವರ ಹಾಸ್ಯವಲ್ಲವೆ.

ಕಲೆ ಕಂಡ ವಾರವೇ ಅವಳು ಡಾಕ್ಟರಿಗೆ ತೋರಿಸಿದ್ದಳು. ಒಬ್ಬ ರೋಗಿ ಹೋಗಿ ಇನ್ನೊಬ್ಬ ಬರುವ ಸಂದಿನಲ್ಲಿ, ಗೋಡೆ ಹಿಡಿದು ಕಾಲೆತ್ತಿ. ಡಾಕ್ಟರು ಬಾಗಿಲಲ್ಲಿ ನಿಂತೇ ನೋಡಿದರು. ಕೈಯಲ್ಲಿ ಕಾಫಿ ಲೋಟವಿತ್ತು.

"ಆಣಿ ಅದು. ಒಳಗೆ ರಕ್ತ ಹೆಪ್ಪುಗಟ್ಟಿದೆ. ಆ ಹವಾಯಿ ಚಪ್ಪಲಿ ಬಿಡು ಅಂತ ಎಷ್ಟು ಸಲ ಹೇಳ್ಲಿ?"

"ಮಸೂರದಲ್ಲಿ ಒಂದ್ಸಲ ನೋಡ್ತೀರಾ ಡಾಕ್ಟ್ರೇ?"

"ಆಣಿನ ಮಸೂರದಲ್ಲಿ ನೋಡ್ತಾರಾ ಯಾರಾದ್ರೂ? ಮುಲಾಮು ಹಚ್ಕೋ. ಮುಂದಿನವ್ರನ್ನ ಕಳ್ಸು."

ಮುಂದಿನವನು ಒಬ್ಬ ಬ್ಯಾಂಕ್ ಮ್ಯಾನೇಜರ್. ಅವನ ಮೈಯನ್ನು ಡಾಕ್ಟರು ಮಸೂರ ಹಿಡಿದು ನಲವತ್ತು ನಿಮಿಷ ನೋಡಿದರು, ಕಾಲ್ಬೆರಳ ಸಂದಿಯನ್ನೂ ಬಿಡದೆ. ಡಾಕ್ಟರು ಹೇಳಿದ್ದನ್ನು ಸೆಫೋರಾ ನಂಬಿದಳು. ಅವಳ ತಪ್ಪು ಅಂದರೆ ಇದೊಂದೇ. ಮುಲಾಮು ಹಚ್ಚಿದಳು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ಆ ಕತ್ತಲಲ್ಲಿ ಕೂತು ಎಂಟು ತಿಂಗಳು ಹಚ್ಚಿದಳು.

ಪದಕದ ದಿನ ಸಂಜೆ ಅವಳ ತಂಗಿ ನೋಲೀನ್ ಬಟ್ಟಲಲ್ಲಿ ಬಿಸಿನೀರು ತಂದು ಅಕ್ಕನ ಕಾಲು ಹಿಡಿದಳು. ಮೀನು ಪ್ಯಾಕ್ ಮಾಡುವ ಕೆಲಸದವಳು, ಬಾಯಿ ಜೋರು.

"ಆಣಿಗೆ ಅಂಚು ಹಿಂಗೆ ಹರಿದಿರುತ್ತಾ ಅಕ್ಕಾ? ಇದು ಶಾಯಿ ಚೆಲ್ದಂಗಿದೆ."

"ಡಾಕ್ಟ್ರು ಆಣಿ ಅಂದ್ರು ಕಣೆ."

"ನಿನ್ ಡಾಕ್ಟ್ರು ನಿನ್ ಕಾಲು ನೋಡಿದ್ನಾ, ನಿನ್ ಬಣ್ಣ ನೋಡಿದ್ನಾ? ಸಾವಿರಾರು ಜನಕ್ಕೆ ಮಚ್ಚೆ ಎಣಿಸ್ದೋಳು ನೀನು. ನಿನ್ ಕಣ್ಣು ಏನ್ ಹೇಳುತ್ತೆ, ಅದನ್ನ ಹೇಳು."

ಸೆಫೋರಾ ಕಾಲು ಎಳೆದುಕೊಂಡಳು. ಮರುದಿನ ಎಲ್ಲರೂ ಬರುವ ಮೊದಲೇ ಕ್ಲಿನಿಕ್ಕಿಗೆ ಹೋಗಿ, ಕುರ್ಚಿಯ ಮೇಲೆ ಕಾಲು ಮಡಚಿ, ಮಸೂರದ ಕ್ಯಾಮೆರಾವನ್ನು ತನ್ನ ಹಿಮ್ಮಡಿಗೆ ತಾನೇ ಒತ್ತಿದಳು. ಪರದೆಯ ಮೇಲೆ ಚಿತ್ರ ಮೂಡಿತು. ಅಂಗಾಲಿನ ಗೆರೆಗಳ ಏರಿನ ಮೇಲೆ ಕಪ್ಪು ಉದ್ದಕ್ಕೂ ಕೂತಿತ್ತು, ತಗ್ಗಿನಲ್ಲಿ ಇರಲಿಲ್ಲ. ಅದರ ಅರ್ಥ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೆಲನೋಮ, ಚರ್ಮದ ಕ್ಯಾನ್ಸರುಗಳಲ್ಲೇ ಕೆಟ್ಟದ್ದು. ಅವಳಿಗೆ ಭಯವಾಯಿತು. ಕೂತಲ್ಲಿಂದಲೇ ಬ್ರಿಸ್ಬೇನಿನ ಒಬ್ಬ ಸರ್ಜನ್‌ಗೆ ಫೋನ್ ಮಾಡಿ ಸೋಮವಾರಕ್ಕೆ ಸಮಯ ಪಡೆದಳು. ಆಮೇಲೆ ಆ ಚಿತ್ರವನ್ನು ಗುರುವಾರದ ಸಭೆಯ ಕಡತಕ್ಕೆ ಸೇರಿಸಿದಳು. ಅದು ಮೂವತ್ತೊಂದನೆಯ ಚಿತ್ರ.

ಗುರುವಾರ ಮಧ್ಯಾಹ್ನದ ಸಭೆ ಡಾಕ್ಟರರ ಸ್ವಂತ ಏರ್ಪಾಡು. ಆ ವಾರದ ಅನುಮಾನದ ಕಲೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವುದು. ರೋಗಿಯ ಹೆಸರಿಲ್ಲ, ಊರಿಲ್ಲ, ಬಣ್ಣದ ಸುಳಿವಿಲ್ಲ, ಬರೀ ಸಂಖ್ಯೆ. "ಹೆಸರು ಕಂಡರೆ ಕಣ್ಣು ಸುಳ್ಳು ಹೇಳುತ್ತದೆ" ಎಂಬುದು ಅವರ ಪ್ರಸಿದ್ಧ ಮಾತು. ಇದನ್ನು ಕೇಳಿ ಬರೆದುಕೊಳ್ಳಲು ಸಿಡ್ನಿಯಿಂದಲೂ ಜನ ಬಂದಿದ್ದುಂಟು.

ಮೂವತ್ತೊಂದನೆಯ ಚಿತ್ರ ಬಂತು. ಹನ್ನೊಂದು ಮಂದಿ ಡಾಕ್ಟರುಗಳು ಸ್ಯಾಂಡ್‌ವಿಚ್ ಅಗಿಯುವುದನ್ನು ನಿಲ್ಲಿಸಿದರು. ಟ್ರೆಲೋರ್ ಎದ್ದು ಗೋಡೆಯ ಹತ್ತಿರ ಹೋದರು.

"ಅಂಗಾಲು. ಮೆಲನೋಮ, ಎರಡು ಮಾತಿಲ್ಲ. ಎಷ್ಟು ದಿನದಿಂದ ಇದೆಯಂತೆ?"

"ಎಂಟು ತಿಂಗ್ಳು," ಎಂದಳು ಸೆಫೋರಾ, ಚಿತ್ರ ತೋರಿಸುವ ಯಂತ್ರದ ಪಕ್ಕದಿಂದ.

"ಎಂಟು ತಿಂಗ್ಳು? ಯಾರಿಗೂ ತೋರಿಸ್ಲೇ ಇಲ್ವಾ?"

"ತೋರ್ಸಿದಾರೆ. ಆಣಿ ಅಂದ್ರಂತೆ."

ಡಾಕ್ಟರು ಹಣೆ ಚಚ್ಚಿಕೊಂಡರು. ನಂತರ ಹನ್ನೊಂದು ಮಂದಿಗೂ ಕೇಳುವಂತೆ ಹೇಳಿದರು, "ಅಂಥೋನ ಕೈಗೆ ಕತ್ತೆ ಕಾಯೋಕೂ ಕೊಡಬಾರ್ದು. ಇದನ್ನ ಆಣಿ ಅಂದೋನ ಲೈಸೆನ್ಸ್ ಹರಿದು ಬಿಸಾಕ್ಬೇಕು. ಯಾರವನು?"

"ರೋಗಿ ನಾನು," ಎಂದಳು ಸೆಫೋರಾ. ಬಗ್ಗಿ ಎಡಗಾಲಿನ ಶೂ ಬಿಚ್ಚಿ ಮೇಜಿನ ಮೇಲಿಟ್ಟಳು. "ಅವನು ನೀವು."

ಡಾಕ್ಟರು ಶೂ ನೋಡಿದರು, ಗೋಡೆ ನೋಡಿದರು. ಬಳಿಕ ಅವರ ಬಾಯಿಂದ ಬಂದ ಮಾತು ಇದು: "ಇದನ್ನ ನೀನು ನಂಗೆ ಒಳಗೆ ಕರ್ದು ಹೇಳ್ಬಹುದಿತ್ತು."

ಬ್ರಿಸ್ಬೇನಿನಲ್ಲಿ ಹಿಮ್ಮಡಿಯ ಅರ್ಧ ಕತ್ತರಿಸಿದರು. ತೊಡೆಸಂದಿಯ ಮೂರು ದುಗ್ಧಗ್ರಂಥಿಗಳನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಅಲ್ಲಿಗೆ ಹರಡಿಲ್ಲದಿದ್ದರೆ ಬದುಕು ಇನ್ನೂ ಉದ್ದವಿತ್ತು. ಹದಿನೈದನೆಯ ದಿನ ಬೆಳಿಗ್ಗೆ ಉತ್ತರ ಬಂತು: ಮೂರರಲ್ಲಿ ಎರಡಕ್ಕೆ ಹರಡಿದೆ. ಅದೇ ದಿನ ಮಧ್ಯಾಹ್ನ ಡಾಕ್ಟರ್ ಟ್ರೆಲೋರ್ ಆಸ್ಪತ್ರೆಗೆ ಬಂದರು, ಕೈಯಲ್ಲಿ ಹೂವು, ಕಂಕುಳಲ್ಲಿ ಕಡತ. ಫಲಿತಾಂಶ ಏನೆಂದು ಅವರು ಕೇಳಿದ ಕೂಡಲೇ ಹೇಳೋಣವೆಂದು ಸೆಫೋರಾ ದಿಂಬಿಗೊರಗಿ ಕಾದಳು. ನೋಲೀನ್ ಕುರ್ಚಿಯಿಂದ ಏಳಲಿಲ್ಲ.

"ನಂಗೆ ನಿದ್ದೆ ಇಲ್ಲ ಸೆಫೋ," ಎಂದರು ಡಾಕ್ಟರು. "ಇದು ವ್ಯರ್ಥ ಆಗಬಾರ್ದು. ನಿಮ್ಮ ಜನಕ್ಕೂ ಉಪಕಾರ ಆಗ್ಲಿ ಅಂತ ಒಂದು ಲೇಖನ ಬರ್ದಿದೀನಿ. ನಿನ್ನ ಒಪ್ಪಿಗೆ ಸಹಿ ಬೇಕಿತ್ತು."

ಅವಳು ಓದಿದಳು. ಚೆನ್ನಾಗಿಯೇ ಬರೆದಿದ್ದರು. ವಾರದ ಸಭೆಯಲ್ಲಿ ಲೇಖಕರು ಒಂದೇ ನೋಟಕ್ಕೆ ರೋಗವನ್ನು ಗುರುತಿಸಿದರು ಎಂದಿತ್ತು. ಅದರ ಮೇಲಿನ ಸಾಲು: ರೋಗಿಯು ವೈದ್ಯರ ಬಳಿಗೆ ಬಹಳ ತಡವಾಗಿ ಬಂದಳು.

"ಪೆನ್ನು ಕೊಡೇ," ಎಂದಳು ತಂಗಿಗೆ. ಆ ಸಾಲನ್ನು ಹೊಡೆದು ಹಾಕಿ ಬರೆದಳು: ರೋಗಿಯು ಮೊದಲ ವಾರವೇ ಬಂದಳು. ವೈದ್ಯರು ಬಾಗಿಲಲ್ಲಿ ನಿಂತು ನೋಡಿ ಆಣಿ ಎಂದರು. ಕೆಳಗೆ ಸಹಿ ಹಾಕಿ ಕೊಟ್ಟಳು.

ಡಾಕ್ಟರರ ಕಿವಿ ಕೆಂಪಾಯಿತು. "ಹಿಂಗೆ ಬರೆದ್ರೆ ಯಾರೂ ಅಚ್ಚು ಹಾಕಲ್ಲ."

"ನೀವು ಕಳ್ಸಲ್ಲ ಅನ್ನಿ," ಎಂದಳು ನೋಲೀನ್.

ಅವರು ಕಡತ ಮಡಚಿ ಎದ್ದರು. ವಿಮಾನಕ್ಕೆ ಹೊತ್ತಾಯಿತೆಂದರು. ಬಾಗಿಲ ತನಕ ಹೋದವರು ತಿರುಗಿ ನಿಂತರು. ಈಗ ಕೇಳುತ್ತಾರೆ ಎಂದು ಸೆಫೋರಾ ದಿಂಬಿನಿಂದ ತಲೆಯೆತ್ತಿದಳು.

"ಹೊಸ ನರ್ಸಿಗೆ ಏನೂ ಗೊತ್ತಾಗ್ತಿಲ್ಲ," ಎಂದರು ಡಾಕ್ಟರು. "ಸ್ಯಾಂಪಲ್ ಫ್ರಿಜ್ಜಿನ ಬೀಗದ ಕೈ ಎಲ್ಲಿಟ್ಟಿದೀಯಾ?"

"ಎರಡನೇ ಡ್ರಾಯರು. ಗ್ಲೌಸಿನ ಡಬ್ಬದ ಕೆಳಗೆ."

ಅವರು ತಲೆಯಾಡಿಸಿ ಹೋದರು.

"ಯಾಕೆ ಹೇಳ್ದೆ?" ಎಂದಳು ನೋಲೀನ್.

"ಬಾಯಿ ಹೇಳ್ಬಿಡ್ತು ಕಣೆ," ಎಂದಳು ಸೆಫೋರಾ. ಫಲಿತಾಂಶ ಬಂದಾಗಲೂ ಅಳದವಳು ಆಗ ಅತ್ತಳು.